ಬೀಡಿ ಬ್ರಾಂಚಿನ ಜಗಲಿಯಲ್ಲಿ ಕಣ್ಣು ಪರೀಕ್ಷೆ

"ಕಣ್ಣು ನೋಡಲಿಕ್ಕೆ ನಿಮಗೆ ಬೀಡಿ ಬ್ರಾಂಚೇ ಸಿಕ್ಕಿದ್ದಾ ಮಾರಾಯ್ರೆ?" ಅಂತ ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದ್ದು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಬ್ರಾಂಚ್ ಅಂದರೆ ಮನೆಯಲ್ಲಿ ಕಟ್ಟಿದ ಬೀಡಿ ಕೊಟ್ಟು ಎಲೆ-ತಂಬಾಕು ತರುವ ಜಾಗ.

ಮೊದಲು ನಾನೂ ಎಲ್ಲರ ಹಾಗೆ ಮಂಗಳೂರು ಹತ್ತಿರದ ಗುರುಪುರ ಕಡೆ ಶಾಲೆಯ ಹಾಲ್ ಹಿಡಿದು ಕ್ಯಾಂಪ್ ಮಾಡಿದೆ. ಬ್ಯಾನರ್, ಮೈಕ್, ಚಾ-ತಿಂಡಿ ಸೇರಿ 4,000 ಹೋಯಿತು, ಬಂದವರು 15-16 ಜನ. ಬೀಡಿ ಕಟ್ಟುವ ಹೆಂಗಸರು ಒಬ್ಬರೂ ಇಲ್ಲ. ಅರ್ಧ ದಿನ ಬಿಟ್ಟು ಬಂದರೆ ಆ ದಿನದ ಬೀಡಿ ಯಾರು ಕಟ್ಟುತ್ತಾರೆ, ಅಲ್ವಾ? ಆದರೆ ಬೀಡಿ ಕೊಡಲಿಕ್ಕೆ ಬ್ರಾಂಚಿಗೆ ಬಂದೇ ಬರುತ್ತಾರೆ, ಸಾಲಲ್ಲಿ ಕಾಯುತ್ತಾರೆ. ಅಲ್ಲೇ ಜಗಲಿಯಲ್ಲಿ ಕುಳಿತೆ. ಬ್ರಾಂಚಿನವರನ್ನು ಹೇಗೆ ಒಪ್ಪಿಸಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಅಲ್ಲೂ ಮೊದಲು ಎಡವಿದೆ. ಪ್ರಾಯ ಕೇಳಿ, ಹತ್ತಿರದ ನೋಟ ಪರೀಕ್ಷಿಸುವ ಅಕ್ಷರದ ಕಾರ್ಡ್ ತೋರಿಸಿ, ಜಾಸ್ತಿ ಜನಕ್ಕೆ ಪ್ಲಸ್ ಎರಡೂವರೆ ಪವರಿನ ರೆಡಿಮೇಡ್ ಕನ್ನಡಕ ಕೊಟ್ಟೆ. ಹೋಲ್‌ಸೇಲಲ್ಲಿ ಒಂದಕ್ಕೆ 55 ರೂಪಾಯಿ ಬಿದ್ದದ್ದನ್ನು ದುಡ್ಡು ತೆಗೆದುಕೊಳ್ಳದೆ ಸುಮ್ನೆ ಹಂಚಿದೆ. ಮುಂದಿನ ವಾರ 60ರಲ್ಲಿ 20 ವಾಪಸ್. "ತಲೆ ತಿರುಗುತ್ತದೆ ಡಾಕ್ಟ್ರೇ" (ನಾನು ಡಾಕ್ಟರಲ್ಲ, ಹೇಳಿ ಹೇಳಿ ಸಾಕಾಗಿದೆ). ಕೊನೆಗೆ ಒಬ್ಬರು ಅಕ್ಕನ ಮನೆಗೇ ಹೋದೆ. ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾರೆ, ಮಡಿಲಲ್ಲಿ ತಡ್ಪೆ (ಎಲೆ-ತಂಬಾಕು ಇಟ್ಟುಕೊಳ್ಳುವ ಮೊರ). ಟೈಲರ್ ಟೇಪು ಹಿಡಿದು ಕಣ್ಣಿನಿಂದ ಬೀಡಿಯ ನೂಲಿನವರೆಗೆ ಅಳೆದರೆ 50 ಸೆಂಟಿಮೀಟರ್! ನಾನು ಕಾರ್ಡ್ ಹಿಡಿದದ್ದು 35ರಲ್ಲಿ. ದೂರ ಹೆಚ್ಚಿದ ಹಾಗೆ ಕಮ್ಮಿ ಪವರ್ ಸಾಕು, ನಾನು ಮುಕ್ಕಾಲು (0.75) ಪವರಿನಷ್ಟು ಜಾಸ್ತಿ ಕೊಟ್ಟಿದ್ದೆ. ಅಂದಿನಿಂದ ಕಾರ್ಡ್ ಚೀಲದಲ್ಲೇ. ತಡ್ಪೆ ಮಡಿಲಲ್ಲಿಟ್ಟು ನೂಲು ಕಟ್ಟಿಸಿಯೇ ಪವರ್ ನೋಡುವುದು. ಕನ್ನಡಕಕ್ಕೆ 80 ರೂಪಾಯಿ ತೆಗೆದುಕೊಳ್ಳುತ್ತೇನೆ, ಸುಮ್ನೆ ಕೊಟ್ಟದ್ದು ಕಪಾಟಿಗೆ ಹೋಗುತ್ತದೆ. ಮೊದಲ ವರ್ಷ ನೋಡಿದ 140 ಮಂದಿಯಲ್ಲಿ 100ರಷ್ಟು ಜನ ಮರುವರ್ಷ ತಾವಾಗಿಯೇ ಬಂದರು. ಹಾಲ್ ಕ್ಯಾಂಪಿನವರು ಇದನ್ನು ಮಾಡಿ ತೋರಿಸಲಿ.

ಶುಗರ್ ಇದ್ದವರಿಗೆ ವರ್ಷಕ್ಕೊಮ್ಮೆ ರೆಟಿನಾ (ಕಣ್ಣಿನ ಒಳಗಿನ ಪರದೆ) ನೋಡಿಸಿ ಅಂತ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕಿಗೆ ಬರೆದುಕೊಟ್ಟರೆ ಯಾರೂ ಹೋಗುತ್ತಿರಲಿಲ್ಲ. ಯಾಕೆ ಅಂತ ತಿಳಿಯಲು ನನಗೇ ಒಂದು ವರ್ಷ ಬೇಕಾಯಿತು. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿದರೆ ಸಂಜೆವರೆಗೆ ಹತ್ತಿರದ್ದೆಲ್ಲ ಮಂಜು, ಅವತ್ತಿನ ಬೀಡಿ ಹೋಯಿತು. ಈಗ ಬ್ರಾಂಚಿನಲ್ಲಿ ಎಲೆ ಇಲ್ಲದ ದಿನ ನೋಡಿ ಕಳಿಸುತ್ತೇನೆ. ಅಂಥ ದಿನಕ್ಕೆ ಈಗೀಗ ಏನೂ ಕಮ್ಮಿ ಇಲ್ಲ.

40 ದಾಟಿದವರಿಗೆಲ್ಲ ಕಣ್ಣಿನ ಪ್ರೆಶರ್ ನೋಡುತ್ತೇನೆ. ಹಾಗೆ ಸಿಕ್ಕಿದ ಒಬ್ಬರಿಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗಿ ಬದಿಯ ನೋಟ ಮೊದಲು ಹೋಗುವ ಕಾಯಿಲೆ. ನೋವಿಲ್ಲ, ಎದುರಿನದ್ದು ಚೆನ್ನಾಗಿಯೇ ಕಾಣುತ್ತದೆ, ಆದರೆ ದಿನಾ ಬಾಗಿಲಿಗೆ ಭುಜ ಹೊಡೆದುಕೊಳ್ಳುತ್ತಿದ್ದರು. ಮನೆಯವರು ಗಡಿಬಿಡಿ ಅಂದುಕೊಂಡಿದ್ದರು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಡ್ರಾಪ್ಸ್. ಎದ್ದು ಕಾಣಲಿ ಅಂತ ಅವರ ತಡ್ಪೆಗೆ ಬಿಳಿ ಬಟ್ಟೆ ಹಾಸಿಸಿದೆ, ಮೆಟ್ಟಿಲಂಚಿಗೆ ಹಳದಿ ಪೇಂಟ್ ಬಳಿಸಿದೆ. ಸವಲತ್ತು ಸಿಗಬೇಕಾದರೆ ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) ಕನಿಷ್ಠ ಶೇ. 40 ವೈಕಲ್ಯ ಅಂತ ಇರಬೇಕು, ಅದಕ್ಕೆ ಓಡಾಟ ನಡೆದಿದೆ.

ಮಳೆಗಾಲಕ್ಕೆ ಮೀನುಗಾರಿಕೆ ಬೋಟು ನಿಲ್ಲುವ ಟ್ರಾಲಿಂಗ್ ರಜೆಯ ಜೂನ್‌ನಲ್ಲಿ ಮಲ್ಪೆ ಬಂದರಿನ ಬಲೆ ಹೆಣೆಯುವವರ ಮೇಲೂ ಇದೇ ಪ್ರಯೋಗ ಮಾಡಿದೆ. ಪೂರಾ ಫೇಲ್. ಒಬ್ಬರು ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕೂರುತ್ತಾರೆ, ಇನ್ನೊಬ್ಬರು ನಿಂತೇ ಹೆಣೆಯುತ್ತಾರೆ, ದೂರ ಯಾವುದು ಅಂತ ಹಿಡಿಯುವುದು? 30 ಕನ್ನಡಕ ಹಾಗೇ ಉಳಿದಿವೆ. ಈ ಸಲ ರಜೆ ಶುರುವಾದ ಕೂಡಲೇ ಮತ್ತೆ ಹೋಗುತ್ತೇನೆ, ಮೊದಲ ವಾರ ಟೇಪು ಮಾತ್ರ ಹಿಡಿದುಕೊಂಡು.