ನೆಗ್ಗಿದರೂ ಸೋರಬಾರದು

ಅಣು ವಸ್ತು ತುಂಬಿಡುವ ಕಂಟೇನರ್‌ಗಳನ್ನು ಎತ್ತರದಿಂದ ಬೀಳಿಸಿ, ಬೆಂಕಿಗೆ ಒಡ್ಡಿ, ಆಮೇಲೆ ಸೋರುತ್ತವೆಯೇ ಎಂದು ನೋಡುವುದು ನನ್ನ ಕೆಲಸ. ಪರೀಕ್ಷೆಯಲ್ಲಿ ನಿಜವಾದ ವಸ್ತು ಇರುವುದಿಲ್ಲ. ಅಷ್ಟೇ ತೂಕದ ಉಕ್ಕನ್ನೋ ಟಂಗ್‌ಸ್ಟನ್ ಪುಡಿಯನ್ನೋ ತುಂಬಿರುತ್ತೇವೆ.

ನೋಡಲು ಬಂದವರ ಕಣ್ಣೆಲ್ಲ ನೆಗ್ಗಿದ ಜಾಗದ ಮೇಲೆ. ನಾನು ಮೊದಲು ನೋಡುವುದು ಮುಚ್ಚಳವನ್ನು. ಮೈ ನೆಗ್ಗಿದರೆ ಪರವಾಗಿಲ್ಲ, ಪೆಟ್ಟನ್ನು ಅದು ನುಂಗಿಕೊಂಡಿದೆ. ಸೋರದಂತೆ ಮುಚ್ಚಳದಡಿ ಕೂರಿಸಿದ ರಬ್ಬರ್ ಬಳೆ, ಅಂದರೆ ಓ-ರಿಂಗ್, ಕೂತ ಜಾಗದಿಂದ ಎದ್ದರೆ ಮಾತ್ರ ಕೆಲಸ ಕೆಟ್ಟಿತು.

ಹೆಚ್ಚು ವಿಕಿರಣದ ವಸ್ತು ಸಾಗಿಸುವ ಬಿ ಮಾದರಿಯ ಕಂಟೇನರ್‌ಗೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನಿಯಮ ಕಟ್ಟುನಿಟ್ಟು. ಒಂದಿಷ್ಟೂ ಜಗ್ಗದ ನೆಲದ ಮೇಲೆ 9 ಮೀಟರ್‌ನಿಂದ ಬೀಳಬೇಕು. 15 ಸೆಂಟಿಮೀಟರ್ ದಪ್ಪದ ಉಕ್ಕಿನ ಗೂಟದ ಮೇಲೆ 1 ಮೀಟರ್‌ನಿಂದ ಬೀಳಬೇಕು. ಆಮೇಲೆ ಅದೇ ಕಂಟೇನರ್ 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ 30 ನಿಮಿಷ ಇರಬೇಕು. ಬೆಂಕಿ ನಂದಿದ ಮೇಲೆ ನೀರು ಹಾಕುವಂತಿಲ್ಲ, ತಾನಾಗಿಯೇ ಆರಬೇಕು. ಈ ಕಾಯುವ ಹೊತ್ತೇ ನನಗೆ ಜಾಸ್ತಿ ಆತಂಕ. ಶಾಖ ಒಳಗೆ ತಡವಾಗಿ ತಲುಪುತ್ತದೆ ಅಲ್ವಾ? ಹೊರಗೆ ಬೆಂಕಿ ಇಲ್ಲದಿದ್ದರೂ ಓ-ರಿಂಗ್ ಇನ್ನೂ ಬಿಸಿಯಾಗುತ್ತಲೇ ಇರುತ್ತದೆ.

ಎಷ್ಟು ಎತ್ತರ ಎಂದು ನಿಯಮ ಹೇಳುತ್ತದೆ. ಯಾವ ಓರೆಯಲ್ಲಿ ಎಂದು ಹೇಳುವುದಿಲ್ಲ. ಅತಿ ಹೆಚ್ಚು ಹಾನಿಯಾಗುವಂತೆ ಬೀಳಿಸಿ ಎನ್ನುತ್ತದೆ, ಅಷ್ಟೆ. ಅದನ್ನು ಹುಡುಕುವುದು ನಮ್ಮ ಹೊಣೆ. ಒಮ್ಮೆ ಮುಚ್ಚಳದ ಅಂಚು ಕೆಳಗೆ, ಭಾರದ ನಡುಬಿಂದು ಸರಿಯಾಗಿ ಅದರ ನೇರಕ್ಕೆ ಮೇಲೆ ಬರುವಂತೆ ತೂಗುಹಾಕಿ ಬಿಟ್ಟೆವು. ಪೆಟ್ಟೆಲ್ಲ ಆ ಅಂಚಿಗೇ ಬಿತ್ತು. ಬೋಲ್ಟ್‌ಗಳು ತಡೆದುಕೊಂಡವು.

ಮರುದಿನ ಹೀಲಿಯಂ ಪರೀಕ್ಷೆ. ಓ-ರಿಂಗ್‌ನ ಒಂದು ಬದಿಗೆ ಹೀಲಿಯಂ ಅನಿಲ ಬಿಟ್ಟು, ಇನ್ನೊಂದು ಬದಿಗೆ ಎಷ್ಟು ಬರುತ್ತದೆ ಎಂದು ಅಳೆಯುತ್ತೇವೆ. ನಮ್ಮ ಮಿತಿ ಸೆಕೆಂಡಿಗೆ ಒಂದು ಘನ ಸೆಂಟಿಮೀಟರ್‌ನ ಕೋಟಿಯಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿ ಸೋರಲು ಹತ್ತಿರಹತ್ತಿರ 4 ತಿಂಗಳು ಬೇಕು. ಮೊದಮೊದಲು ಅಳತೆ ಚೆನ್ನಾಗಿತ್ತು. ಕೆಲವು ನಿಮಿಷ ಕಳೆದ ಮೇಲೆ ಏರತೊಡಗಿತು. ಮಿತಿ ದಾಟಿತು. ಕಂಟೇನರ್ ಸೋತಿತು ಎಂದೇ ಬರೆಯಲು ಹೊರಟಿದ್ದೆ.

ಆದರೆ ಏರಿದ ರೀತಿ ಸರಿ ಕಾಣಲಿಲ್ಲ. ಬಿರುಕಿದ್ದರೆ ಹೀಲಿಯಂ ಬಿಟ್ಟ ಕೂಡಲೇ ಮುಳ್ಳು ಜಿಗಿಯಬೇಕು. ಇದು ನಿಧಾನವಾಗಿ ಏರಿ, ಒಂದು ಕಡೆ ನಿಂತುಬಿಟ್ಟಿತ್ತು. ಹೀಲಿಯಂ ರಬ್ಬರಿನ ಪಕ್ಕದಿಂದ ನುಸುಳಿರಲಿಲ್ಲ, ರಬ್ಬರಿನೊಳಗೇ ಇಂಗಿ ಆಚೆ ಬಂದಿತ್ತು. ರಬ್ಬರಿನಲ್ಲಿ ಸೇರಿಕೊಂಡ ಹೀಲಿಯಂ ಹೋಗಲಿ ಎಂದು ರಾತ್ರಿಯಿಡೀ ಪಂಪ್ ಓಡಿಸಿದೆವು. ಬೆಳಿಗ್ಗೆ ಮತ್ತೆ ಹೀಲಿಯಂ ಬಿಟ್ಟು, ಅದು ಇಂಗುವ ಮೊದಲೇ ಅಳೆದೆವು. ಮಿತಿಯೊಳಗೇ ಇತ್ತು.

ಈಗ ಯಾವ ಕಂಟೇನರ್ ಬಂದರೂ ಬೀಳಿಸುವ ಮೊದಲೇ ಒಮ್ಮೆ ಹೀಲಿಯಂ ಬಿಟ್ಟು, ನಿಮಿಷ ನಿಮಿಷದ ಅಳತೆ ಬರೆದಿಡುತ್ತೇನೆ. ಬಿದ್ದ ಮೇಲಿನ ಅಳತೆಯನ್ನು ಅದರ ಪಕ್ಕದಲ್ಲೇ ಬರೆಯುತ್ತೇನೆ.