ಮೂರು ಊರು, ಒಂದು ಕುಕ್ಕರ್: ಹಾಸನ ಬಿಟ್ಟ ನನ್ನ ಅನುಭವ

2022ರಲ್ಲಿ ನಾವು ಕಳ್ಕೊಂಡ ದುಡ್ಡಿನಿಂದಲೇ ಶುರು ಮಾಡುತ್ತೇನೆ. ಬೆಂಗಳೂರಿನ ಪೂರ್ವಕ್ಕಿರೋ ವೈಟ್‌ಫೀಲ್ಡ್ ಕಡೆ ನೆಂಟರು ಇದ್ದಾರೆ ಅಂತ ಅಲ್ಲೇ ಮನೆ ಮಾಡಿದೆವು. ಬಾಡಿಗೆ 28 ಸಾವಿರ, ಅಡ್ವಾನ್ಸ್ ಎರಡು ಲಕ್ಷ. ನನ್ನ ಆಫೀಸು ಎಂ.ಜಿ. ರಸ್ತೆ ಹತ್ತಿರ. ಹೋಗಿ ಬರೋದಕ್ಕೇ ದಿನಕ್ಕೆ ಮೂರೂವರೆ ಗಂಟೆ. ಎಂಟು ತಿಂಗಳಿಗೆ ಸಾಕಾಗಿ ಹಾಸನಕ್ಕೆ ವಾಪಸ್ ಬಂದೆವು. ಪೇಂಟಿಂಗು, ಅದು ಇದು ಅಂತ ಅಡ್ವಾನ್ಸಿನಲ್ಲಿ 45 ಸಾವಿರ ಮುರಿದರು. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಟೆಂಪೋಗೆ ಎರಡು ಸಲ, ಮಗಳ ಸ್ಕೂಲಿಗೆ ಕಟ್ಟಿದ್ದು ಎಲ್ಲ ಸೇರಿ ಒಂದು ಲಕ್ಷ ಅರವತ್ತು ಸಾವಿರದ ಹತ್ತಿರ ಹೋಯಿತು.

ಒಂದು ವರ್ಷ ಮನೆಯಿಂದಲೇ ಕೆಲಸ ಮಾಡಿದೆ. ಆಮೇಲೆ ಆಫೀಸಿಗೆ ಬರಲೇಬೇಕು ಅಂದರು. ಬೆಂಗಳೂರು, ಹೈದರಾಬಾದ್, ಪುಣೆ, ಮೂರರಲ್ಲಿ ಯಾವುದಾದರೂ ಸರಿ ಅಂದರು. ಬಾಡಿಗೆ ಎಷ್ಟು, ಸ್ಕೂಲು ಎಷ್ಟು ಅಂತ ಪಟ್ಟಿ ಮಾಡಿ ಊರು ಆರಿಸೋದು ನನಗೆ ಸಾಕಾಗಿತ್ತು. ಹೋದ ಸಲ ಪಟ್ಟಿ ಸರಿಯಾಗೇ ಇತ್ತು, ಬದುಕೋಕೆ ಆಗಲಿಲ್ಲ ಅಷ್ಟೇ. ಅದಕ್ಕೆ ಈ ಸಲ ಒಂದೊಂದು ಊರಿನಲ್ಲಿ ಮೂರು ವಾರ ಇದ್ದು ನೋಡಬೇಕು, ಅದೂ ಆ ಊರಿನ ಅತಿ ಕೆಟ್ಟ ತಿಂಗಳಲ್ಲೇ ಹೋಗಬೇಕು ಅಂತ ತೀರ್ಮಾನ ಮಾಡಿದೆ. "ಊರು ನೋಡೋಕೆ ಯಾರಾದ್ರೂ ಲಕ್ಷ ಸುರೀತಾರೇನಮ್ಮ?" ಅಂದರು ಭಾವ. ಮನೆಯವರೂ ಅರೆಮನಸ್ಸಿನಿಂದಲೇ ಒಪ್ಪಿದ್ದು.

ಹೊರಡುವಾಗ ಎರಡು ಲೀಟರಿನ ಕುಕ್ಕರು, ಇಂಡಕ್ಷನ್ ಒಲೆ, ಒಂದು ಉದ್ದನೆಯ ನೋಟ್‌ಬುಕ್ಕು ತಗೊಂಡೆ. ಕುಕ್ಕರು ಅಡುಗೆಗೆ ಮಾತ್ರ ಅಲ್ಲ, ನೀರಿನ ಪರೀಕ್ಷೆಗೆ. ಗಡಸು ನೀರಿನಲ್ಲಿ ತೊಗರಿಬೇಳೆ ಬೇಗ ಬೇಯಲ್ಲ ಅನ್ನೋದು ನಿಮಗೂ ಗೊತ್ತು ಅಲ್ವಾ. ನಮ್ಮ ಹಾಸನದ ನಲ್ಲಿ ನೀರಿನಲ್ಲಿ ಒಂದು ಲೋಟ ಬೇಳೆ ಮೂರು ವಿಷಲ್‌ಗೆ ಬೆಣ್ಣೆಯಾಗುತ್ತೆ. ಅದನ್ನೇ ಅಳತೆ ಅಂತ ಇಟ್ಕೊಂಡೆ.

ಮೊದಲು ಬೆಂಗಳೂರು, 2024ರ ಮಾರ್ಚ್. ಆ ತಿಂಗಳು ಅಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಜನ ಕಾಯುತ್ತಿದ್ದರು. ಬೇಕಂತಲೇ ಆಗ ಹೋದೆ. ಹತ್ತು ದಿನ ಪೂರ್ವದ ಕಡೆ, ಹನ್ನೊಂದು ದಿನ ತುಮಕೂರು ರಸ್ತೆಯ ನಾಗಸಂದ್ರದ ಕಡೆ. ಮೊದಲ ವಾರದ ಬೇಳೆ ಲೆಕ್ಕ ಪೂರ್ತಿ ಹಾಳಾಯಿತು, ಯಾಕಂದ್ರೆ ಬೇಳೆ ಅಲ್ಲೇ ಅಂಗಡಿಯಲ್ಲಿ ತಗೊಂಡಿದ್ದೆ. ಅದು ಹಳೇ ಬೇಳೆ. ನೀರಿನ ತಪ್ಪೋ ಬೇಳೆಯ ತಪ್ಪೋ ಗೊತ್ತಾಗಲಿಲ್ಲ. ಅತ್ತೆ ಹಾಸನದಿಂದ ಐದು ಕೆಜಿ ಬೇಳೆ ಬಸ್ಸಿಗೆ ಹಾಕಿ ಕಳಿಸಿದರು. ಅಲ್ಲಿಂದ ಕೊನೆವರೆಗೂ ಅದೇ ಬೇಳೆ.

ಟ್ಯಾಂಕರ್ ನೀರಿಗೆ ಆರು ವಿಷಲ್ ಆದರೂ ಬೇಳೆ ಬೆರಳಿಗೆ ಕಾಳುಕಾಳಾಗೇ ಸಿಗುತ್ತಿತ್ತು. ಕುಕ್ಕರಿನ ಒಳಗೆ ಬಿಳಿ ಕರೆ. ನಾಗಸಂದ್ರದ ಕಡೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಮೂರೇ ವಿಷಲ್. ಅದೇ ಬೀದಿಯಲ್ಲಿ ಸಂಪಿನಲ್ಲಿ ಬೋರ್ ನೀರು ಬೆರೆಸೋ ಮನೆಯಿಂದ ಒಂದು ಬಿಂದಿಗೆ ಕೇಳಿ ತಂದೆ, ಐದಾಯಿತು. ಮನೆ ಓನರ್ ಬಾಯಲ್ಲಿ "ಪೂರ್ತಿ ಕಾವೇರಿ ಮೇಡಂ" ಅಂತ ಬಂದರೂ ಕುಕ್ಕರು ಸುಳ್ಳು ಹೇಳಲಿಲ್ಲ. ಗೊರೂರಿನಿಂದ ಹರಿದ ನಮ್ಮ ಹೇಮಾವತಿ ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಗೆ ಸೇರಿ, ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪಂಪಾಗಿ ಆ ನಲ್ಲಿಗೆ ಬರುತ್ತೆ. ಅದನ್ನು ನೆನೆದು ಆ ದಿನ ತುಂಬಾ ಖುಷಿಯಾಯಿತು.

ಮೇ ತಿಂಗಳು ಹೈದರಾಬಾದ್. ಮಗಳಿಗೆ ರಜೆ, ಎಲ್ಲರೂ ಹೋದೆವು. ಮಿಯಾಪುರ ಮೆಟ್ರೋ ಹತ್ತಿರ ಉಳ್ಕೊಂಡು, ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿ ಹೈಟೆಕ್ ಸಿಟಿ ಆಫೀಸಿಗೆ ಹೋಗುತ್ತಿದ್ದೆ. ನಿಜ ಹೇಳ್ತೀನಿ, ಮೊದಲ ವಾರವೇ ಮನಸ್ಸು ಅಲ್ಲಿಗೆ ವಾಲಿತ್ತು. ಎರಡು ಬೆಡ್‌ರೂಮಿಗೆ 18ರಿಂದ 20 ಸಾವಿರ, ಅಡ್ವಾನ್ಸ್ ಎರಡೇ ತಿಂಗಳದ್ದು. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಕೊಟ್ಟು ಕೈ ಕಟ್ಟಿ ಕೂತವಳಿಗೆ ಇದು ಎಷ್ಟು ಹಗುರ ಅನ್ನಿಸಿತು ಗೊತ್ತಾ? ರಸ್ತೆ ಅಗಲ. ಬೇಳೆ ನಾಲ್ಕು ವಿಷಲ್. ತೆಲುಗು ಅಕ್ಷರ ನಮ್ಮದಕ್ಕೆ ಅಷ್ಟು ಹತ್ತಿರ ಅಲ್ವಾ, ಮಗಳು ಮೂರನೇ ದಿನಕ್ಕೇ ಬಸ್ಸಿನ ಬೋರ್ಡು ಓದುತ್ತಿದ್ದಳು. ತಲೆಕಟ್ಟು ಗುರುತು ಹಿಡಿದರೆ ಸಾಕು ಅಂತ ಅವಳೇ ಕಂಡ್ಕೊಂಡಳು. ರಾಗಿ ಹಿಟ್ಟೂ ರಾಗಿ ಅಂತಲೇ ಸಿಕ್ಕಿತು. ಬಿಸಿಲು ಮಾತ್ರ ಹಾಸನದವರಿಗೆ ತಡೆಯೋದು ಕಷ್ಟ. ಎಸಿ ಹಾಕದೆ ಒಂದು ರಾತ್ರಿಯೂ ನಿದ್ದೆ ಬರಲಿಲ್ಲ.

ಆದರೆ ಹೈದರಾಬಾದ್ ಬಿಟ್ಟಿದ್ದು ಬಿಸಿಲಿಗಲ್ಲ. ಎರಡನೇ ವಾರದ ಕೊನೆಗೆ ಬೇಕಂತಲೇ ಹಾಸನಕ್ಕೆ ಬಂದು ಹೋದೆವು. ರಾತ್ರಿ ಬಸ್ಸು, ಬೆಂಗಳೂರಿನಲ್ಲಿ ಇಳಿದು ಮತ್ತೊಂದು ಬಸ್ಸು. ಬಾಗಿಲಿಂದ ಬಾಗಿಲಿಗೆ ಹದಿನಾಲ್ಕು ಗಂಟೆ, ಮೂರು ಜನಕ್ಕೆ ಹೋಗಿ ಬರೋಕೆ ಒಂಬತ್ತು ಸಾವಿರ ದಾಟಿತು. ಅತ್ತೆಗೆ ಮಂಡಿ ನೋವು, ತಿಂಗಳಿಗೆ ಒಮ್ಮೆಯಾದರೂ ಬರಲೇಬೇಕು. ಬಾಡಿಗೆಯಲ್ಲಿ ಉಳಿದದ್ದೆಲ್ಲ ಆ ದಾರಿಗೇ ಹೋಗುತ್ತಿತ್ತು. ಇನ್ನೊಂದು, ಇದನ್ನು ಮಕ್ಕಳಿರುವವರು ಗಮನಿಸಿ. ಸಿಇಟಿಯಲ್ಲಿ ನಮ್ಮ ರಾಜ್ಯದವರು ಅನ್ನಿಸ್ಕೊಳ್ಳೋಕೆ ಸಾಮಾನ್ಯವಾಗಿ ಬಳಸೋ ನಿಯಮ ಅಂದರೆ, ಒಂದನೇ ಕ್ಲಾಸಿನಿಂದ ಎರಡನೇ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಮಗಳು ನಾಲ್ಕನೇ ಕ್ಲಾಸು ಮುಗಿಸಿ ಹೊರಟರೂ ಹತ್ತನೇ ಕ್ಲಾಸಿಗೆ ವಾಪಸ್ ಕರ್ಕೊಂಡು ಬರಬೇಕು. ಮತ್ತೆ ಟೆಂಪೋ, ಮತ್ತೆ ಅಡ್ವಾನ್ಸ್.

ಪುಣೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಜುಲೈನಲ್ಲಿ ಅರಸೀಕೆರೆಯಿಂದ ರೈಲು ಹತ್ತಿ ಒಬ್ಬಳೇ ಹೋದೆ. ನೀರು ಚೆನ್ನಾಗಿದೆ, ಮೂರು ವಿಷಲ್. ರಾಗಿಗೆ ಅಲ್ಲಿ ನಾಚಣಿ ಅಂತಾರೆ. ಆದರೆ ಹಿಂಜೆವಾಡಿ ಆಫೀಸಿನಿಂದ ಸಂಜೆ ಹೊರಬೀಳೋಕೇ ಮುಕ್ಕಾಲು ಗಂಟೆ. ಬಟ್ಟೆ ಒಣಗೋಕೆ ಎಷ್ಟು ಹೊತ್ತು ಅಂತ ಅಲ್ಲಿ ಸುಮ್ನೆ ಲೆಕ್ಕ ಇಟ್ಟೆ. ಟವೆಲ್ಲು ಎರಡೂವರೆ ದಿನ ತಗೊಂಡಿತು. ಮಲೆನಾಡಿನವರಿಗೆ ಇದು ಹೊಸದಲ್ಲ ಬಿಡಿ. ತಿಂಗಳ ಕೊನೆಗೆ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟು ಮುಠಾ ನದಿ ಪಕ್ಕದ ಮನೆಗಳಿಗೆ ನೀರು ನುಗ್ಗಿತು. ನಾನು ನೋಡಿದ್ದ ಒಂದು ಮನೆ ಆ ನದಿಯಿಂದ ಎರಡು ಬೀದಿ ಆಚೆ. ಆ ತಿಂಗಳಲ್ಲಿ ಹೋಗದಿದ್ದರೆ ನನಗದು ಗೊತ್ತೇ ಆಗುತ್ತಿರಲಿಲ್ಲ.

ಮೂರೂ ಊರಿಗೆ ಸೇರಿ ಖರ್ಚು ಒಂದು ಲಕ್ಷ ಹತ್ತು ಸಾವಿರದ ಆಸುಪಾಸು. ಭಾವ ಹೇಳಿದ ಅಂಕಿ ಸರಿಯಾಗೇ ಇತ್ತು. ಆದರೆ ನೋಟ್‌ಬುಕ್ಕಿನಲ್ಲಿ ಉತ್ತರ ಎದ್ದು ಕಾಣುತ್ತಿತ್ತು. ಬೆಂಗಳೂರೇ ಸರಿ, ಆದರೆ ಹಾಸನದ ರಸ್ತೆ ಒಳಗೆ ಬರೋ ಕಡೆಯ ಬೆಂಗಳೂರು. ವೈಟ್‌ಫೀಲ್ಡಿನಲ್ಲಿದ್ದಾಗ ಊರಿಗೆ ಹೊರಟರೆ ಗೊರಗುಂಟೆಪಾಳ್ಯ ದಾಟೋಕೇ ಎರಡು ಗಂಟೆ ಬೇಕಿತ್ತು. ನಾಗಸಂದ್ರದಿಂದ ಎಂಟನೇ ಮೈಲಿ ಸ್ಟಾಪಿನಲ್ಲಿ ಬಸ್ಸು ಹತ್ತಿದರೆ ಮೂರೂವರೆ ಗಂಟೆಗೆ ಅತ್ತೆ ಮನೆ ಬಾಗಿಲು. ಎರಡೂ ಕಡೆಗೆ ಬೆಂಗಳೂರು ಅಂತಲೇ ಹೆಸರು, ನನ್ನ ಲೆಕ್ಕದಲ್ಲಿ ಅವು ಎರಡು ಬೇರೆ ಊರು.

2025ರ ಮೇನಲ್ಲಿ ಬಂದೆವು. ಬಾಡಿಗೆ 19 ಸಾವಿರ, ಅಡ್ವಾನ್ಸ್ ಒಂದು ಲಕ್ಷ. ಓನರ್ ಎರಡು ಲಕ್ಷ ಕೇಳಿದ್ದರು. ಅರ್ಧಕ್ಕೆ ಹೇಗೆ ಇಳಿಸಿದೆ ಅನ್ನೋದು, ಬೀದಿಯ ಇಸ್ತ್ರಿ ಅಂಗಡಿಯವರಿಗೆ ನಾನು ಮೊದಲು ಕೇಳೋ ಮೂರು ಪ್ರಶ್ನೆ, ಇವೆರಡು ಸದ್ಯ ನನ್ನ ಹತ್ತಿರವೇ ಇರಲಿ. ತಂಗಿಗೆ ಇನ್ನೂ ಮನೆ ಹುಡುಕಬೇಕು. ಒಂದು ಲೆಕ್ಕ ಮಾತ್ರ ತಪ್ಪಿತು. ಆ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ, ಗರಿಷ್ಠ 60 ಇದ್ದದ್ದು 90 ಆಯಿತು. ತಿಂಗಳಿಗೆ ಎಂಟುನೂರು ಜಾಸ್ತಿ ಬಿತ್ತು. ಆದರೂ ಹಳೇ ಮನೆಗೆ ಹೋಲಿಸಿದರೆ ತಿಂಗಳಿಗೆ ಹನ್ನೆರಡು ಸಾವಿರ ಉಳಿಯುತ್ತಿದೆ. ಊರು ನೋಡಿದ ಖರ್ಚು ಹತ್ತು ತಿಂಗಳೊಳಗೆ ತೀರಿತು.

ಹೋದ ವಾರ ಭಾವನೇ ಫೋನ್ ಮಾಡಿದ್ದರು. ಮಗನಿಗೆ ಚೆನ್ನೈನಲ್ಲೂ ಕೊಯಮತ್ತೂರಿನಲ್ಲೂ ಕೆಲಸ ಸಿಕ್ಕಿದೆಯಂತೆ. "ಆ ಕುಕ್ಕರು ಇದೆಯೇನಮ್ಮ ಇನ್ನೂ?" ಅಂತ ಕೇಳಿದರು. ಹೊಸ ಗ್ಯಾಸ್ಕೆಟ್ ಹಾಕಿಸಿ, ಎರಡು ಕೆಜಿ ಹಾಸನದ ಬೇಳೆ ಜೊತೆಗಿಟ್ಟು ಕಳಿಸಿದ್ದೇನೆ. ಡಿಸೆಂಬರಿನಲ್ಲಿ ಹೋಗ್ತೀನಿ ಅಂದ ಹುಡುಗ. ಬೇಡ ಕಣೋ, ಚೆನ್ನೈ ನೋಡೋದಾದರೆ ಮೇ ತಿಂಗಳಲ್ಲಿ ಹೋಗು ಅಂದೆ.