ಡಬ್ಬಿಗೆ ಉಗುಳು ಬೇಡ, ಕಫ ಬೇಕು: ಟಿಬಿ ಪರೀಕ್ಷೆಗೆ ಸ್ಯಾಂಪಲ್ ಕೊಡುವುದು ಹೇಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬರುವವರನ್ನು ಕೇಳಿದರೆ ಹೆಚ್ಚಿನವರದ್ದು ಒಂದೇ ಮಾತು: "ಹೊಗೆ ಕೆಮ್ಮು ಮೇಡಂ, ನಮಗೆ ಇದು ಇದ್ದದ್ದೇ." ಇರಬಹುದು. ದಿನವಿಡೀ ಭಟ್ಟಿ ಮುಂದೆ ನಿಂತವರಿಗೆ ಕೆಮ್ಮು ಬರದೇ ಇರುತ್ತದೆಯೇ? ಆದರೆ ಕೆಮ್ಮು ಎರಡು ವಾರ ದಾಟಿದರೆ, ಸಂಜೆ ಹೊತ್ತು ಮೈ ಬೆಚ್ಚಗಾಗುತ್ತಿದ್ದರೆ, ರಾತ್ರಿ ಬೆವರುತ್ತಿದ್ದರೆ, ರವಿಕೆಯೋ ಪ್ಯಾಂಟೋ ಸಡಿಲಾಗುತ್ತಿದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಸೂಜಿ ಇಲ್ಲ, ನೋವಿಲ್ಲ. ಒಂದು ಡಬ್ಬಿ, ಒಂದು ಒಳ್ಳೆಯ ಕೆಮ್ಮು, ಅಷ್ಟೇ.

ಆ ಒಳ್ಳೆಯ ಕೆಮ್ಮು ಇದೆಯಲ್ಲ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ನನ್ನ ಮೇಜಿಗೆ ಬರುವ ಡಬ್ಬಿಯನ್ನು ಮೊದಲು ಬೆಳಕಿಗೆ ಹಿಡಿದು ಓರೆ ಮಾಡುತ್ತೇನೆ. ಉಗುಳಾದರೆ ನೀರಿನ ಹಾಗೆ ಒಂದೇ ಸಲಕ್ಕೆ ಹರಿದುಬಿಡುತ್ತದೆ, ಮೇಲೆ ಬಿಳಿ ನೊರೆ ನಿಲ್ಲುತ್ತದೆ. ಕಫವಾದರೆ ಡಬ್ಬಿಯ ಗೋಡೆಗೆ ಅಂಟಿಕೊಂಡು ಗೋಂದಿನ ಥರ ನಿಧಾನಕ್ಕೆ ಜಾರುತ್ತದೆ. ಮಂದ, ಹಳದಿ ಅಥವಾ ಬೂದು ಬಿಳಿ, ಕೆಲವೊಮ್ಮೆ ರಕ್ತದ ಎಳೆ. ನನಗೆ ಬೇಕಾಗಿರುವುದು ಅದು.

ನನ್ನ ದೊಡ್ಡಪ್ಪ ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದರು. ಒಂದು ಕಡೆ ಡಬ್ಬಿ ಕೈಗಿಟ್ಟು "ಇದಕ್ಕೆ ಉಗಿದು ಕೊಡಿ" ಅಂದರಂತೆ. ಅವರು ಹೇಳಿದ್ದನ್ನೇ ಮಾಡಿದರು, ಉಗಿದು ಕೊಟ್ಟರು. ನೆಗೆಟಿವ್ ಬಂತು. ಮತ್ತೊಮ್ಮೆ ಹಾಗೇ ಕೊಟ್ಟರು, ಮತ್ತೆ ನೆಗೆಟಿವ್. ಮೂರು ತಿಂಗಳು ಉಬ್ಬಸದ ಔಷಧಿ ತೆಗೆದುಕೊಂಡರು. ಯುಗಾದಿಗೆ ಊರಿಗೆ ಹೋದಾಗ ನೋಡಿದೆ, ಚೀಲ ಹೊರುತ್ತಿದ್ದ ಹೆಗಲಲ್ಲಿ ಮೂಳೆ ಎದ್ದಿತ್ತು. ಮಾರನೆ ಬೆಳಗ್ಗೆ ಹಿತ್ತಲಲ್ಲಿ ಪಕ್ಕದಲ್ಲೇ ನಿಂತು ಕೆಮ್ಮಿಸಿದೆ. ಆ ಸಲ ಪಾಸಿಟಿವ್ ಬಂತು. ರೋಗ ಮೊದಲಿನಿಂದಲೂ ಅಲ್ಲೇ ಇತ್ತು, ಡಬ್ಬಿಗೆ ಬಂದಿರಲಿಲ್ಲ.

ಮೈಕ್ರೋಸ್ಕೋಪಿನಲ್ಲಿ ನೀಲಿ ಹಿನ್ನೆಲೆ ಮೇಲೆ ಕೆಂಪು ಕಡ್ಡಿಗಳ ಹಾಗೆ ಈ ರೋಗಾಣು ಕಾಣಬೇಕಾದರೆ ಒಂದು ಮಿ.ಲೀ. ಕಫದಲ್ಲಿ ಸುಮಾರು 5,000ದಿಂದ 10,000 ಇರಬೇಕು. ರೋಗಾಣುವಿನ ಡಿಎನ್‌ಎ ಹುಡುಕುವ ಟ್ರೂನ್ಯಾಟ್, ಸಿಬಿನ್ಯಾಟ್ ಯಂತ್ರಗಳಿಗೆ ಕೆಲವೇ ನೂರು ಇದ್ದರೂ ಸಾಕು. ಟ್ರೂನ್ಯಾಟ್ ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡ ಯಂತ್ರ, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿತು. ಟಿಬಿ ಇದೆಯೋ ಇಲ್ಲವೋ ಅಂತ ಸುಮಾರು ಒಂದು ಗಂಟೆಯಲ್ಲಿ ಹೇಳುತ್ತದೆ. ಆದರೂ ಬರೀ ಉಗುಳು ಹಾಕಿದರೆ ಯಂತ್ರ ತಾನೇ ಏನು ಮಾಡೀತು?

ಈಗ ಕೊಡುವ ರೀತಿ. ಸಾಮಾನ್ಯವಾಗಿ ಎರಡು ಸ್ಯಾಂಪಲ್ ಕೇಳುತ್ತಾರೆ: ಆಸ್ಪತ್ರೆಗೆ ಬಂದಾಗ ಒಂದು, ಮಾರನೆ ಬೆಳಗ್ಗೆ ಎದ್ದ ತಕ್ಷಣ ಇನ್ನೊಂದು. ಬೆಳಗಿನದ್ದನ್ನು ಬಿಡಬೇಡಿ. ರಾತ್ರಿಯೆಲ್ಲ ಮಲಗಿದಾಗ ಎದೆಯಲ್ಲಿ ಕೂಡಿಕೊಂಡ ಕಫ ಅದು. ಹಿಂದಿನ ರಾತ್ರಿ ನೀರು ಚೆನ್ನಾಗಿ ಕುಡಿಯಿರಿ, ಕಫ ಸಡಿಲವಾಗುತ್ತದೆ. ಎದ್ದ ಮೇಲೆ ಕಾಫಿ, ತಿಂಡಿಗೆ ಮುಂಚೆಯೇ ಬರೀ ನೀರಿನಲ್ಲಿ ಎರಡು ಮೂರು ಸಲ ಬಾಯಿ ಮುಕ್ಕಳಿಸಿ. ಪೇಸ್ಟ್, ಮೌತ್‌ವಾಶ್ ಬೇಡ. ಎಲೆ ಅಡಿಕೆ ಹಾಕುವವರು ಇನ್ನೆರಡು ಸಲ ಜಾಸ್ತಿ ಮುಕ್ಕಳಿಸಿ, ಅಡಿಕೆ ಚೂರು ಬಿದ್ದ ಕೆಂಪು ಕಫ ನನಗೆ ದೊಡ್ಡ ತಲೆನೋವು.

ಬಚ್ಚಲಲ್ಲಿ, ಅಡುಗೆಮನೆಯಲ್ಲಿ ಕೊಡಬೇಡಿ. ಹಿತ್ತಲಿಗೋ ಮಾಳಿಗೆ ಮೇಲಕ್ಕೋ ಹೋಗಿ. ಗಾಳಿ, ಬಿಸಿಲು ಇರುವ ಜಾಗದಲ್ಲಿ ರೋಗಾಣು ಮನೆಯವರಿಗೆ ತಗಲುವುದು ಕಡಿಮೆ. ಹತ್ತಿರ ಯಾರೂ ಇರಬಾರದು. ಮೂಗಿನಿಂದ ಉಸಿರು ನಿಧಾನಕ್ಕೆ ಒಳಗೆ ತಗೊಳ್ಳಿ, ಹೊಟ್ಟೆ ಉಬ್ಬಬೇಕು. ಎರಡು ಮೂರು ಸೆಕೆಂಡ್ ಹಿಡಿದು ಬಿಡಿ. ಇನ್ನೊಂದು ಸಲ ಹಾಗೇ. ಮೂರನೇ ಸಲ ಉಸಿರು ತುಂಬಿಕೊಂಡು, ಸ್ವಲ್ಪ ಮುಂದಕ್ಕೆ ಬಗ್ಗಿ, ಎದೆಯಾಳದಿಂದ ಜೋರಾಗಿ ಕೆಮ್ಮಿ. ಗಂಟಲು ಕ್ಯಾಕರಿಸುವುದಲ್ಲ ಇದು. ಕ್ಯಾಕರಿಸಿದರೆ ಗಂಟಲದ್ದು, ಮೂಗಿನದ್ದು ಬರುತ್ತದೆ. ಹೊಟ್ಟೆ ಸ್ನಾಯು ಬಿಗಿಯಾಗಬೇಕು. ಡಬ್ಬಿಯನ್ನು ಕೆಳತುಟಿಗೆ ಹತ್ತಿರ ಹಿಡಿದು ಕಫವನ್ನು ಒಳಗೆ ಬಿಡಿ. ಕನಿಷ್ಠ 2 ಮಿ.ಲೀ. ಬೇಕು, 5ರವರೆಗೆ ಇದ್ದರೆ ಒಳ್ಳೆಯದು. ಒಂದೇ ಸಲಕ್ಕೆ ಅಷ್ಟು ಬಾರದಿದ್ದರೆ ಸುಧಾರಿಸಿಕೊಂಡು ಮತ್ತೆ ಮತ್ತೆ ಮಾಡಿ. ಕಾಲು ಗಂಟೆ ಹಿಡಿದರೂ ಪರವಾಗಿಲ್ಲ.

ಹೆಂಗಸರಿಗೆ ಒಂದು ಮಾತು. ನಾಲ್ಕು ಜನರ ಮುಂದೆ ಜೋರಾಗಿ ಕೆಮ್ಮಲು ನಮಗೆ ಸಂಕೋಚ. ಸೆರಗು ಅಡ್ಡ ಹಿಡಿದು ಸ್ವಲ್ಪ ಉಗುಳಿ ಡಬ್ಬಿ ಕೊಟ್ಟುಬಿಡುತ್ತೇವೆ. ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಹೆಂಗಸರಿಗೆ ಕಫ ಕೊಡುವ ರೀತಿಯನ್ನು ಒಂದೆರಡು ನಿಮಿಷ ಹೇಳಿಕೊಟ್ಟು ನೋಡಿದರು. ಸುಮ್ನೆ ಡಬ್ಬಿ ಕೊಟ್ಟ ಹೆಂಗಸರಲ್ಲಿ ನೂರಕ್ಕೆ 8 ಜನರಿಗೆ ಪಾಸಿಟಿವ್ ಬಂದರೆ, ಹೇಳಿಕೊಟ್ಟವರಲ್ಲಿ 13 ಜನರಿಗೆ ಬಂತು. 2007ರಲ್ಲಿ ಇದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಂತ್ರ ಬದಲಾಗಲಿಲ್ಲ, ಔಷಧಿ ಬದಲಾಗಲಿಲ್ಲ. ಹೇಳಿಕೊಟ್ಟಿದ್ದಷ್ಟೇ! ಅದಕ್ಕೇ ಯಾರಾದರೂ ಹೆಂಗಸರು ಬಂದರೆ ನಾನೇ ಎದ್ದು ಹೊರಗೆ ಹೋಗಿ, ಅವರ ಮುಂದೆ ಒಂದು ಸಲ ಕೆಮ್ಮಿ ತೋರಿಸುತ್ತೇನೆ.

ಮುಚ್ಚಳ ಬಿಗಿಯಾಗಿ ತಿರುಗಿಸಿ. ಹೆಸರು, ತಾರೀಕು ಡಬ್ಬಿಯ ಮೈಮೇಲೆ ಇರಲಿ, ಮುಚ್ಚಳದ ಮೇಲಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ. ಸೋಪಿನಲ್ಲಿ ಕೈ ತೊಳೆದು ಅವತ್ತೇ ತಂದುಕೊಡಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯೊಳಗೆ ಇಟ್ಟು ಮರೆತರೆ ಸ್ಯಾಂಪಲ್ ಕೆಟ್ಟ ಹಾಗೇ. ತಡವಾಗುವುದಾದರೆ ತಂಪಾದ ಜಾಗದಲ್ಲಿಡಿ.

"ಕಫನೇ ಬರಲ್ರೀ" ಅನ್ನುವವರೂ ಇದ್ದಾರೆ. ಬಿಸಿನೀರು ಗುಟುಕರಿಸಿ, ಸ್ವಲ್ಪ ಓಡಾಡಿ, ಮತ್ತೆ ಪ್ರಯತ್ನಿಸಿ. ಆಗಲೂ ಬರದಿದ್ದರೆ ಆಸ್ಪತ್ರೆಯಲ್ಲಿ ಉಪ್ಪುನೀರಿನ ಆವಿಯನ್ನು ನೆಬ್ಯುಲೈಜರ್ ಮೂಲಕ ಎಳೆದುಕೊಳ್ಳಲು ಕೊಟ್ಟು ಕಫ ಬರಿಸುತ್ತಾರೆ. ಮನೆಯಲ್ಲಿ ಉಪ್ಪು ಕಲಸಿ ಇದನ್ನು ಮಾಡಬೇಡಿ, ಉಬ್ಬಸ ಇದ್ದವರಿಗೆ ಉಸಿರು ಕಟ್ಟುತ್ತದೆ.

ಎಚ್‌ಐವಿ ಇದ್ದವರಿಗೆ ಮೂತ್ರದ ಪರೀಕ್ಷೆ ಇದೆ, ಅದರ ಹೆಸರು ಲ್ಯಾಮ್. ರೋಗಾಣುವಿನ ಹೊರಕವಚದ ಒಂದು ಅಂಶ ಮೂತ್ರಕ್ಕೆ ಬರುತ್ತದೆ. ಪಟ್ಟಿಯ ಮೇಲೆ ಕೆಲವು ಹನಿ ಮೂತ್ರ ಹಾಕಿ 25 ನಿಮಿಷ ಕಾದರೆ ಗೆರೆ ಮೂಡುತ್ತದೆ. ತೀರಾ ಬಳಲಿ ಕೆಮ್ಮಲೂ ಆಗದವರಿಗೆ ಇದು ದೊಡ್ಡ ಉಪಕಾರ. ಎಚ್‌ಐವಿ ಇಲ್ಲದವರಲ್ಲಿ ಇದು ಅಷ್ಟಾಗಿ ಹಿಡಿಯುವುದಿಲ್ಲ. ನಾಲಿಗೆಯ ಮೇಲ್ಮೈಯನ್ನು ಹತ್ತಿಯ ಕಡ್ಡಿಯಿಂದ ಒತ್ತಿ ಉಜ್ಜಿ ತೆಗೆಯುವ ಸ್ಯಾಂಪಲ್ ಬಗ್ಗೆಯೂ, ಮಾಸ್ಕ್‌ನೊಳಗೆ ಪಟ್ಟಿ ಇಟ್ಟು ಉಸಿರಿನಿಂದಲೇ ರೋಗಾಣು ಹಿಡಿಯುವ ಬಗ್ಗೆಯೂ ಅಧ್ಯಯನ ನಡೆದಿದೆ. ನಾಲಿಗೆಯಲ್ಲಿ ಸಿಗುವ ರೋಗಾಣು ಕಫದಲ್ಲಿ ಸಿಗುವುದಕ್ಕಿಂತ ಕಡಿಮೆ. ಹಾಗಾಗಿ ಕಫ ಬರುವವರು ಕಫವನ್ನೇ ಕೊಡಿ.

ರಕ್ತ ಕೊಟ್ಟರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಆಗಲ್ಲ. ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ರಕ್ತದಲ್ಲಿ ನೋಡಿ ಟಿಬಿ ಹೇಳುವ ಕಿಟ್‌ಗಳನ್ನು ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಇಗ್ರಾ ಅನ್ನುವ ರಕ್ತಪರೀಕ್ಷೆ ಇದೆ, ಆದರೆ ಅದು ರೋಗಾಣು ದೇಹಕ್ಕೆ ಹೊಕ್ಕಿದೆಯೇ ಅಂತಷ್ಟೇ ಹೇಳುತ್ತದೆ, ರೋಗ ಎದ್ದಿದೆಯೇ ಅಂತಲ್ಲ. ಇನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಲಿವೋಫ್ಲಾಕ್ಸಾಸಿನ್ ಥರದ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿ ಪರೀಕ್ಷೆಗೆ ಬರಬೇಡಿ. ಅದು ಟಿಬಿ ರೋಗಾಣುವನ್ನು ಸ್ವಲ್ಪ ದಿನ ತಗ್ಗಿಸುತ್ತದೆ, ರೋಗ ಅಡಗಿ ಕೂರುತ್ತದೆ. ತೆಗೆದುಕೊಂಡಿದ್ದರೆ ಮುಚ್ಚಿಡದೆ ಹೇಳಿ. ಹಿಂದೆ ಟಿಬಿ ಆಗಿ ಗುಣವಾದವರೂ ಹೇಳಲೇಬೇಕು, ಸತ್ತ ರೋಗಾಣುವಿಗೂ ಯಂತ್ರ ಪಾಸಿಟಿವ್ ಅನ್ನಬಹುದು.

ನೆಗೆಟಿವ್ ಬಂದೂ ಕೆಮ್ಮು ನಿಲ್ಲದಿದ್ದರೆ ಎದೆಯ ಎಕ್ಸ್‌ರೇ ಕೇಳಿ, ಇನ್ನೊಂದು ಸ್ಯಾಂಪಲ್ ಕೊಡುತ್ತೇನೆ ಅನ್ನಿ. ಸಂಶಯ ಇದ್ದರೆ 1800-11-6666ಕ್ಕೆ ಫೋನ್ ಮಾಡಬಹುದು, ಅದು ಟಿಬಿಗಾಗಿ ಸರ್ಕಾರದ ನಿಕ್ಷಯ್ ಸಹಾಯವಾಣಿ, ದುಡ್ಡು ಬೀಳುವುದಿಲ್ಲ.

ಡಬ್ಬಿ ಕೊಟ್ಟು ಹೊರಡುವ ಮುಂಚೆ ಫಾರಂನಲ್ಲಿ ಬರೆದ ಮೊಬೈಲ್ ನಂಬರನ್ನು ಒಂದು ಸಲ ಓದಿಸಿಕೊಳ್ಳಿ. ಭಟ್ಟಿ ಕೆಲಸದವರು ಮನೆ ಬದಲಿಸುತ್ತಿರುತ್ತಾರೆ, ನಂಬರ್ ಎಷ್ಟೋ ಸಲ ಮಗನದ್ದೋ ಪಕ್ಕದ ಮನೆಯವರದ್ದೋ ಆಗಿರುತ್ತದೆ. ಹೋದ ವರ್ಷ ಒಂದು ಪಾಸಿಟಿವ್ ರಿಪೋರ್ಟ್ ಹಿಡಿದುಕೊಂಡು ಆಶಾ ಕಾರ್ಯಕರ್ತೆ ಜೊತೆ ನಾನು ಮೂರು ಓಣಿ ಹುಡುಕಿದ್ದೇನೆ. ನಂಬರಿನಲ್ಲಿ ಒಂದಂಕಿ ತಪ್ಪಿತ್ತು.